ಬಡಾವಣೆ ನಡುವೆ ಕಲ್ಯಾಣ ಮಂಟಪ ಬರ್ತಿದೆ, ಆಕ್ಷೇಪಣೆಗೆ 15 ದಿನ ಇದೆ. ಏನು ಬರೀಬೇಕು?

ಪ್ರಶ್ನೆ:
ಮೇಡಂ, ನಮಸ್ಕಾರ. ನಮ್ಮದು ಜಿಲ್ಲಾ ಕೇಂದ್ರದ ಅಂಚಿನ ಬಡಾವಣೆ, ಸುಮಾರು 140 ಮನೆ. ಮೂರನೇ ಅಡ್ಡರಸ್ತೆಯ ಕೊನೆಯಲ್ಲಿ ಒಂದು ಎಕರೆ ನಾಲ್ಕು ಗುಂಟೆ ಖಾಲಿ ಜಾಗ ಇದೆ. ಭಾನುವಾರದ ಪೇಪರಿನ ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ಮಧ್ಯೆ, ಅಂಗೈಯಗಲದ ಒಂದು ಪ್ರಕಟಣೆ ಬಂತು. ಆ ಸರ್ವೆ ನಂಬರನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಾಯಿಸೋಕೆ ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು 15 ದಿನದೊಳಗೆ ಕೊಡಿ ಅಂತ. ಕಲ್ಯಾಣ ಮಂಟಪ ಕಟ್ತಾರಂತೆ. ಪಕ್ಕದ ಮನೆಯವರು "ಡಿಸಿ ಕನ್ವರ್ಷನ್ ಯಾವತ್ತೋ ಆಗೋಗಿದೆ, ಇನ್ನೇನೂ ಮಾಡಕ್ಕಾಗಲ್ಲ" ಅಂತಾರೆ. ನಾಲ್ಕು ದಿನ ಕಳೆದೇಹೋಯ್ತು. ನಿಜವಾಗ್ಲೂ ದಾರಿ ಇಲ್ವಾ?

ಉತ್ತರ (ನಿವೃತ್ತ ನಗರ ಯೋಜಕಿ):
ದಾರಿ ಇದೆ. ಇನ್ನೂ 11 ದಿನ ನಿಮ್ಮ ಕೈಯಲ್ಲಿದೆ.

ಮೊದಲು ಪಕ್ಕದ ಮನೆಯವರ ಮಾತು. ಈ ಗೊಂದಲ ಎಷ್ಟೋ ಜನರನ್ನ ಸುಮ್ಮನೆ ಕೂರಿಸಿಬಿಡುತ್ತೆ. ಡಿಸಿ ಕನ್ವರ್ಷನ್ ಅಂದ್ರೆ ಭೂಪರಿವರ್ತನೆ. ಕೃಷಿ ಜಮೀನನ್ನ ಬೇರೆ ಉದ್ದೇಶಕ್ಕೆ ಬಳಸೋಕೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಕೊಡೋ ಅನುಮತಿ ಅದು. ಪೇಪರಿನಲ್ಲಿ ಬಂದಿರೋದು ಭೂ ಉಪಯೋಗ ಬದಲಾವಣೆ. ಅದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ. ಊರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ವಸತಿ ಜಾಗ ಹಳದಿ, ವಾಣಿಜ್ಯ ಜಾಗ ನೀಲಿ; ಹಳದಿ ಇರೋ ಜಾಗವನ್ನ ನೀಲಿ ಮಾಡೋದು ಅಂತ ತಿಳ್ಕೊಳ್ಳಿ. ಮೊದಲನೆಯದು ಆಗಿದೆ ಅಂತ ಎರಡನೆಯದು ತಾನಾಗೇ ಆಗಲ್ಲ. ಹಳದಿ ನೀಲಿಯಾಗಬೇಕಾದ್ರೆ ಸರ್ಕಾರದ ಪೂರ್ವಾನುಮೋದನೆ ಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕರೀಬೇಕು. ಆ ಅಂಗೈಯಗಲದ ಪ್ರಕಟಣೆ ಯಾರೋ ನಿಮಗೆ ಮಾಡಿದ ಉಪಕಾರ ಅಲ್ಲ, ಕಾಯ್ದೆ ಹಾಕಿರೋ ಷರತ್ತು.

ಈಗ ಬರೆಯೋ ವಿಚಾರ. ನನ್ನ ಮೇಜಿಗೆ ಬರ್ತಿದ್ದ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಒಂದೇ ಥರ ಇರ್ತಿದ್ವು. "ನಮ್ಮ ನೆಮ್ಮದಿ ಹಾಳಾಗುತ್ತದೆ, ದಯಮಾಡಿ ಅನುಮತಿ ಕೊಡಬೇಡಿ", ಕೆಳಗೆ ನೂರು ಸಹಿ. ಆ ಸಂಕಟ ನಿಜ, ಅದನ್ನ ಓದುವಾಗ ನನಗೂ ಕಷ್ಟ ಆಗ್ತಿತ್ತು. ಆದರೆ ಟಿಪ್ಪಣಿ ಹಾಳೆಗೆ, ಅಂದ್ರೆ ಕಡತದಲ್ಲಿ ಅಧಿಕಾರಿಗಳು ಅಭಿಪ್ರಾಯ ಬರೆಯೋ ಹಾಳೆಗೆ, ಹೋಗುವಾಗ ಅದು "ಸ್ಥಳೀಯರ ಆಕ್ಷೇಪಣೆ ಪರಿಶೀಲಿಸಲಾಗಿದೆ" ಅಂತ ಒಂದೇ ಸಾಲಾಗುತ್ತೆ. ಅಳತೆ ಬರೆದುಕೊಟ್ರೆ ಹಾಗೆ ಒಂದು ಸಾಲಿನಲ್ಲಿ ಮುಗಿಸೋಕಾಗಲ್ಲ.

ಒಂದು ಕಡತ ನೆನಪಾಗುತ್ತೆ. ಸ್ಥಳ ಪರಿಶೀಲನಾ ವರದಿಯಲ್ಲಿ "9 ಮೀಟರ್ ರಸ್ತೆ" ಅಂತಿತ್ತು. ಆ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗನ ಕೈಗೆ ಟೇಪಿನ ಒಂದು ತುದಿ ಕೊಟ್ಟು ನಾಲ್ಕು ಕಡೆ ಅಳೆದಿದ್ರು. ಟ್ರಾನ್ಸ್‌ಫಾರ್ಮರ್ ಹತ್ತಿರ 6.8 ಮೀಟರ್ ಬಂತು. ಟೇಪಿನ ಅಂಕಿ ಕಾಣೋ ಹಾಗೆ ಫೋಟೋ ತೆಗೆಸಿ ಅರ್ಜಿಗೆ ಅಂಟಿಸಿದ್ರು. ಆ ಫೋಟೋ ಸಭೆಯ ಮೇಜಿಗೆ ಬಂದ ದಿನವೇ ಕಡತ ಮರುಪರಿಶೀಲನೆಗೆ ವಾಪಸ್ ಬಂತು.

ಹಾಗಾಗಿ ಟೇಪ್ ತಗೊಂಡು ಹೊರಡಿ. ರಸ್ತೆ ಎಲ್ಲಿ ಕಿರಿದಾಗುತ್ತೋ ಅಲ್ಲಿ ಅಳೀರಿ. ನಿಮ್ಮ ಊರಿನ ವಲಯ ನಿಯಮಾವಳಿಯಲ್ಲಿ ಯಾವ ಉಪಯೋಗಕ್ಕೆ ಎಷ್ಟು ಅಗಲದ ರಸ್ತೆ, ಎಷ್ಟು ಪಾರ್ಕಿಂಗ್ ಬೇಕು ಅಂತ ಇರುತ್ತೆ, ಆ ಪುಟದ ಪ್ರತಿ ಲಗತ್ತಿಸಿ. ಒಳಚರಂಡಿ ಪೈಪು ಎಷ್ಟು ಇಂಚಿನದು, ಮಳೆಗಾಲದಲ್ಲಿ ಯಾವ ಮ್ಯಾನ್‌ಹೋಲ್ ಉಕ್ಕುತ್ತೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಹತ್ತಿರದ ಶಾಲೆ ಗೇಟು ಎಷ್ಟು ದೂರ, ಎಲ್ಲ ಬರೀರಿ. ಮಂಟಪ ಅಂದ್ಮೇಲೆ ಓಲಗ, ಡಿಜೆ, ಜನರೇಟರ್ ಇದ್ದೇ ಇರುತ್ತೆ. ಶಬ್ದ ಮಾಲಿನ್ಯ ನಿಯಮ, 2000ರ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಸುತ್ತ ಎಲ್ಲ ಮನೆಗಳೇ ಇರೋವಾಗ ನಡುವೆ ಒಂದು ಜಾಗ ಮಾತ್ರ ವಾಣಿಜ್ಯ ಆದ್ರೆ ಯಾವ ಮಿತಿ ಪಾಲಿಸ್ತಾರೆ ಅಂತ ನೇರವಾಗಿ ಕೇಳಿ.

ಜಮೀನಿನವರ ಮೇಲೆ ವೈಯಕ್ತಿಕವಾಗಿ ಒಂದಕ್ಷರ ಬೇಡ. ಅವರೂ ಕಾನೂನು ಕೊಟ್ಟ ದಾರಿಯಲ್ಲೇ ಅರ್ಜಿ ಹಾಕಿದಾರೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಮೇಡಂ, ನಮ್ಮ ಕಡೆ ಗಡುವು ಮುಗಿದು ಎರಡು ತಿಂಗಳಾಯ್ತು, ಪ್ರಕಟಣೆ ನಾವು ನೋಡಲೇ ಇಲ್ಲ. ಮನೆ ಪಕ್ಕದ ಪಾರ್ಕ್ ಜಾಗಕ್ಕೂ ಕೈ ಹಾಕ್ತಾರೆ ಅಂತ ಸುದ್ದಿ. ಕೋರ್ಟಿಗೆ ಹೋದ್ರೆ "ನಿಮಗೇನು ಸಂಬಂಧ" ಅನ್ನಲ್ವಾ?

ಉತ್ತರ:
ಅನ್ನೋ ಹಾಗಿಲ್ಲ, 1991ರಲ್ಲೇ ಅದು ತೀರ್ಮಾನ ಆಗಿದೆ, ಅದೂ ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನ 1976ರಲ್ಲಿ ಖಾಸಗಿ ಆಸ್ಪತ್ರೆ ಕಟ್ಟೋಕೆ ಒಂದು ಟ್ರಸ್ಟಿಗೆ ಕೊಟ್ಟಿದ್ರು. ನಿವಾಸಿಗಳು ಹೈಕೋರ್ಟಿಗೆ ಹೋದ್ರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು, ಸುಪ್ರೀಂ ಕೋರ್ಟ್ ಆ ಗೆಲುವನ್ನೇ ಎತ್ತಿಹಿಡೀತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಅಂದ್ರೆ ಯಾವ ವಕೀಲರಿಗೂ ಗೊತ್ತಿರುತ್ತೆ. ಆಸ್ಪತ್ರೆಯೂ ಒಳ್ಳೇದೇ ತಾನೇ ಅನ್ನೋ ವಾದ ನಿಲ್ಲಲಿಲ್ಲ. ಪಾರ್ಕ್ ಅಲ್ಲಿ ಉಸಿರಾಡೋ ಎಲ್ಲರದ್ದು, ಅದನ್ನ ಉಳಿಸಿಕೊಡಿ ಅಂತ ಕೇಳೋ ಹಕ್ಕು ಅಲ್ಲಿನ ನಿವಾಸಿಗಿದೆ ಅಂತ ಆಯ್ತು. ಗಮನಿಸಿ, ಹದಿನೈದು ವರ್ಷ ಹಿಡೀತು. ಅದಕ್ಕೇ ಆಕ್ಷೇಪಣೆ ಹಂತದಲ್ಲೇ ಎದ್ದೇಳಿ ಅಂತ ಇಷ್ಟು ಹೇಳ್ತಿರೋದು.

ನಿಮ್ಮ ವಿಷಯದಲ್ಲಿ ಕಡತ ಎಲ್ಲಿದೆ ಅಂತ ಮೊದಲು ತಿಳ್ಕೊಳ್ಳಿ. ಸರ್ಕಾರದ ಅನುಮೋದನೆ ಇನ್ನೂ ಆಗಿಲ್ಲ ಅಂದ್ರೆ ತಡವಾದ್ರೂ ಮನವಿ ಕೊಡಿ, ಒಂದು ಪ್ರತಿ ನಗರಾಭಿವೃದ್ಧಿ ಇಲಾಖೆಗೂ ಹೋಗಲಿ. ಜೊತೆಗೇ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಟಿಪ್ಪಣಿ ಹಾಳೆ, ಪ್ರಕಟಣೆಯ ಪ್ರತಿ, ಸ್ಥಳ ಪರಿಶೀಲನಾ ವರದಿ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಥೆ ಬರೆದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ.

ಮತ್ತೊಂದು ಪ್ರಶ್ನೆ:
ಮನೆಯ ಕೆಳಗೆ ಚಿಕ್ಕ ದಿನಸಿ ಅಂಗಡಿ ಇಟ್ರೂ ಇಷ್ಟೆಲ್ಲ ಬೇಕಾ ಮೇಡಂ?

ಉತ್ತರ:
ಸಾಮಾನ್ಯವಾಗಿ ಬೇಡ. ವಸತಿ ವಲಯದಲ್ಲೇ ಕೆಲವು ಸಣ್ಣ ಉಪಯೋಗಗಳಿಗೆ ಅವಕಾಶ ಇರುತ್ತೆ. ಎಷ್ಟು ಚದರ ಮೀಟರ್, ಎಂಥ ರಸ್ತೆ ಅನ್ನೋದು ನಿಮ್ಮ ಊರಿನ ನಿಯಮಾವಳಿಯಲ್ಲಿರುತ್ತೆ.

ಮೊದಲ ಪ್ರಶ್ನೆಯವರು:
ಮೇಡಂ, ನಿನ್ನೆ ಸಂಜೆ ಅಳೆದ್ವಿ. ದಾಖಲೆಯಲ್ಲಿ 30 ಅಡಿ ರಸ್ತೆ. ಚರಂಡಿ ಸ್ಲ್ಯಾಬ್ ಬಿಟ್ಟು, ಗಣಪತಿ ಗುಡಿ ಹತ್ತಿರ 22 ಅಡಿ 4 ಇಂಚು. ಕಸದ ಲಾರಿ ಬಂದಾಗ ಎದುರಿಂದ ಆಟೋ ಕೂಡ ಬರಕ್ಕಾಗಲ್ಲ, ಅದನ್ನೂ ಫೋಟೋ ತೆಗೆದ್ವಿ.

ಉತ್ತರ:
ಅದನ್ನೇ ಮೊದಲ ಪ್ಯಾರಾದಲ್ಲಿ ಹಾಕಿ. ಸ್ಲ್ಯಾಬ್ ಸೇರಿಸಿ ಎಷ್ಟು, ಬಿಟ್ಟು ಎಷ್ಟು, ಎರಡೂ ಬರೀರಿ. ಇಲ್ಲದಿದ್ರೆ ನಿಮ್ಮ ಅಳತೆಯೇ ತಪ್ಪು ಅಂತಾರೆ. ಎಲ್ಲರೂ ಒಂದೇ ಹಾಳೆಗೆ ಸಹಿ ಹಾಕೋ ಬದಲು, ಆ ರಸ್ತೆಯ ಮನೆಯವರು ಬೇರೆಬೇರೆ ಅರ್ಜಿ ಕೊಡಲಿ. ಎರಡು ಪ್ರತಿ ತಗೊಂಡು ಹೋಗಿ, ಪ್ರಕಟಣೆ ಕೊಟ್ಟ ಕಚೇರಿಯ ಟಪಾಲು ವಿಭಾಗದಲ್ಲಿ ಒಂದರ ಮೇಲೆ ಮೊಹರು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳಿ. "ಇಟ್ಟು ಹೋಗಿ, ಆಮೇಲೆ ಹಾಕ್ತೀವಿ" ಅಂದ್ರೆ ಅಲ್ಲೇ ನಿಂತು ಕಾಯಿರಿ.