ನವಾಹೋ ನಾಡಿನ ತಾಯಿ-ಮಕ್ಕಳ ಆರೈಕೆ: ದಾದಿಯೂ ನವಾಹೋ ಆಗಿರಬೇಕೇ?

ಪ್ರಶ್ನೆ (ಶುಶ್ರೂಷಾ ಉಪನ್ಯಾಸಕಿ):
ಸಮುದಾಯ ಆರೋಗ್ಯದ ತರಗತಿಗಾಗಿ ಅಮೆರಿಕದ ನವಾಹೋ ಮೂಲನಿವಾಸಿಗಳ ಹೆರಿಗೆ ಮತ್ತು ಶಿಶು ಆರೈಕೆಯ ಕುರಿತು ಓದುತ್ತಿದ್ದೇನೆ. ಆ ಸಮುದಾಯದಲ್ಲೇ ಹುಟ್ಟಿ ಬೆಳೆದ ದಾದಿಯರು ಬೇಕೆಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ತೊಡಕು ಭಾಷೆಯದಷ್ಟೇ ಆಗಿದ್ದರೆ ದುಭಾಷಿಯೊಬ್ಬರು ಸಾಲದೇ? ಬಲ್ಲವರು ತಿಳಿಸಬೇಕು.

ಉತ್ತರ (ಇತಿಹಾಸಾಸಕ್ತ):
ಈ ಬೇಡಿಕೆ ಹೊಸದಲ್ಲ. ಅರಿಜೋನಾದ ಗನಾಡೋ ಊರಿನ ಸೇಜ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1930ರಲ್ಲೇ ಮೂಲನಿವಾಸಿ ಯುವತಿಯರಿಗಾಗಿ ಶುಶ್ರೂಷಾ ಶಾಲೆ ತೆರೆಯಿತು. 1951ರಲ್ಲಿ ಅದು ಮುಚ್ಚಿತು.

ಉತ್ತರ (ಅರಿಜೋನಾ ನಿವಾಸಿ ಕನ್ನಡತಿ):
ಮೇಡಂ, ದುಭಾಷಿ ಮಾತನ್ನು ದಾಟಿಸಬಲ್ಲರು, ನಂಟನ್ನಲ್ಲ. ನವಾಹೋ ಜನ ಪರಿಚಯ ಹೇಳಿಕೊಳ್ಳುವಾಗ ತಾಯಿಯ ಕುಲ, ತಂದೆಯ ಕುಲ, ತಾಯಿಯ ತಂದೆಯ ಕುಲ, ತಂದೆಯ ತಂದೆಯ ಕುಲ ಎಂದು ನಾಲ್ಕನ್ನು ಹೇಳುತ್ತಾರೆ; ಮಗು ಸೇರುವುದು ತಾಯಿಯ ಕುಲಕ್ಕೆ. (ತುಳುನಾಡಿನ ‘ಬಳಿ’ ಪದ್ಧತಿ, ಎಂದರೆ ತಾಯಿಯ ಕಡೆಯಿಂದ ಕುಲವನ್ನು ಎಣಿಸುವ ರೂಢಿ, ಬಲ್ಲವರಿಗೆ ಇದು ಬೇಗ ಅರ್ಥವಾದೀತು.) ಕುಲ ಕೂಡಿಬಂದರೆ ದಾದಿ ಆ ಗರ್ಭಿಣಿಗೆ ಅಕ್ಕನೋ ಚಿಕ್ಕಮ್ಮನೋ ಆಗುತ್ತಾಳೆ, ಮತ್ತು ಮನೆಯ ಹಿರಿಯಜ್ಜಿಯ ಮುಂದೆ ಕುಳಿತು ಮಾತನಾಡುವ ಅರ್ಹತೆ ಆ ಸಂಬಂಧದಿಂದಲೇ ದೊರೆಯುತ್ತದೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾದ ನವಾಹೋ ನಾಡು ಅಮೆರಿಕದ ಮೂರು ರಾಜ್ಯಗಳಲ್ಲಿ ಹರಡಿದೆ. ನಲ್ಲಿ ನೀರಿಲ್ಲದ ಮನೆಗಳು ಇಂದಿಗೂ ಅಲ್ಲಿ ಬಹಳ ಇವೆ. ಹಾಲಿನ ಬಾಟಲಿಯನ್ನು ಕುದಿಸಿ ತೊಳೆಯಿರಿ ಎಂದು ಹೇಳುವ ಮೊದಲು ಆ ಮನೆಗೆ ನೀರು ಎಲ್ಲಿಂದ ಬರುತ್ತದೆಂದು ಕೇಳಬೇಕೆಂಬುದು ಊರಿನವಳಿಗೆ ಯಾರೂ ಕಲಿಸದೆಯೇ ಗೊತ್ತಿರುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಅಪಾಯವನ್ನು ತಿಳಿಸುವ ಬಗೆ. ಕೆಡುಕನ್ನು ನುಡಿದರೆ ಅದು ಬಂದೊದಗೀತು ಎಂಬ ನಂಬಿಕೆ ಹಿರಿಯರಲ್ಲಿ ಗಾಢವಾಗಿದೆ. 1995ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ದಾಖಲಿಸಿದೆ. ಹೀಗಿರುವಾಗ ‘ಸಕ್ಕರೆ ಹತೋಟಿಗೆ ಬಾರದಿದ್ದರೆ ನಿಮ್ಮ ಮಗುವಿಗೆ ಅಪಾಯ’ ಎಂದರೆ ಅದು ಎಚ್ಚರಿಕೆಯಾಗಿ ಅಲ್ಲ, ಶಾಪವಾಗಿ ಕೇಳಿಸಬಹುದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆದರೆ ಅಪಾಯವನ್ನು ತಿಳಿಸದೆ ಒಪ್ಪಿಗೆ ಪಡೆಯುವುದು ಹೇಗೆ? ಅದು ವೃತ್ತಿಧರ್ಮಕ್ಕೆ ವಿರುದ್ಧವಲ್ಲವೇ?

ಉತ್ತರ (ಅರಿಜೋನಾ ನಿವಾಸಿ ಕನ್ನಡತಿ):
ಮುಚ್ಚಿಡುವುದು ಖಂಡಿತ ಸಲ್ಲದು. 1973ರಿಂದ 1976ರವರೆಗೆ, ಮೂಲನಿವಾಸಿಗಳಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ಸೇವೆಯಾದ ಇಂಡಿಯನ್ ಹೆಲ್ತ್ ಸರ್ವಿಸ್‌ನ ನಾಲ್ಕು ವಲಯಗಳಲ್ಲಿ 3,406 ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದಿದ್ದು, ಒಪ್ಪಿಗೆ ಪಡೆಯುವ ನಿಯಮಗಳು ಸರಿಯಾಗಿ ಪಾಲನೆಯಾಗಿರಲಿಲ್ಲವೆಂದು ಸರ್ಕಾರದ ಲೆಕ್ಕಪರಿಶೋಧನೆಯೇ ಹೇಳಿತು. ನವಾಹೋ ವಲಯವು ಆ ನಾಲ್ಕರಲ್ಲಿ ಸೇರಿರಲಿಲ್ಲ, ಆದರೂ ಮೂಲನಿವಾಸಿ ತಾಯಂದಿರ ಅಪನಂಬಿಕೆಗೆ ಇಂತಹ ಗಟ್ಟಿ ಕಾರಣಗಳಿವೆ. ಆದ್ದರಿಂದ ವಿಷಯವನ್ನು ಹೇಳಲೇಬೇಕು, ಹೇಳುವ ದಾರಿ ಮಾತ್ರ ಬೇರೆ: ‘ಕೆಲವು ತಾಯಂದಿರಿಗೆ ಹೀಗಾದದ್ದುಂಟು, ಹಾಗಾಗದಿರಲೆಂದು ಈ ಪರೀಕ್ಷೆ ಮಾಡುತ್ತೇವೆ’ ಎಂದು ಮೂರನೆಯವರ ಮಾತಾಗಿ ಹೇಳಬಹುದು. ಅದಕ್ಕೂ ಮುನ್ನ, ಇಂತಹ ವಿಷಯವನ್ನು ಯಾರ ಮುಂದೆ ಮಾತನಾಡೋಣ ಎಂದು ಗರ್ಭಿಣಿಯನ್ನೇ ಕೇಳಬೇಕು. ಅವಳು ತಾಯಿಯನ್ನೋ ಅಜ್ಜಿಯನ್ನೋ ಕರೆಸಿದರೆ ಭೇಟಿಯ ಸಮಯ ಇಮ್ಮಡಿಯಾದೀತು, ಅದಕ್ಕೆ ಅವಕಾಶವಿರುವಂತೆ ವೇಳಾಪಟ್ಟಿ ಹಾಕುವುದು ಆಸ್ಪತ್ರೆಯ ಹೊಣೆ.