ಪದಚರ್ಚೆ: ಬೆಂಜೀನ್ ಉಂಗುರವನ್ನು ಲೋಹ "ಸಕ್ರಿಯಗೊಳಿಸುತ್ತದೆ" ಅಂದರೆ ಸರಿಯೇ?

ಎಲ್ಲರಿಗೂ ನಮಸ್ಕಾರ.

ಬಿ.ಎಸ್‌ಸಿ. ಓದುವವರಿಗಾಗಿ ಸಾವಯವ ರಸಾಯನಶಾಸ್ತ್ರದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಾಡಿ "ಆಕ್ಟಿವೇಟ್" ಹತ್ತಿರ ನಿಂತುಬಿಟ್ಟಿದೆ. ಸಿಮ್ ಕಾರ್ಡಿಗೆ, ಬ್ಯಾಂಕ್ ಖಾತೆಗೆ "ಸಕ್ರಿಯಗೊಳಿಸು" ಒಗ್ಗಿಹೋಗಿದೆ, ತಕರಾರಿಲ್ಲ. ಇಲ್ಲಿ ಮಾತ್ರ ಅದು ಸಾಲದು ಅನಿಸುತ್ತದೆ.

ಬೆಂಜೀನ್ ಉಂಗುರದಲ್ಲಿ ಎಲೆಕ್ಟ್ರಾನ್ ಜಾಸ್ತಿ. ಹಾಗಾಗಿ ಎಲೆಕ್ಟ್ರಾನ್ ಬೇಕಾದವು ಅದರ ಮೇಲೆ ಬೀಳುತ್ತವೆ, ಕೊಡಲು ಬಂದವಕ್ಕೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಮೆಥಾಕ್ಸಿ ಗುಂಪು ಎಲೆಕ್ಟ್ರಾನ್ ಕೊಟ್ಟು ಉಂಗುರವನ್ನು ಆಕ್ಟಿವೇಟ್ ಮಾಡುತ್ತದೆ, ಎಲೆಕ್ಟ್ರಾನ್ ಎಳೆಯುವ ನೈಟ್ರೋ ಗುಂಪು ಅದರ ಉಲ್ಟಾ ಎಂದು ಪಾಠ ಮಾಡುತ್ತೇವೆ, ಅಲ್ವಾ?

ಈಗ ಕ್ರೋಮಿಯಂ ನೋಡಿ. 1957ರಲ್ಲಿ ಫಿಷರ್ ಮತ್ತು ಓಫೆಲೆ ಎಂಬ ರಸಾಯನಶಾಸ್ತ್ರಜ್ಞರು ಬೆಂಜೀನಿಗೆ ಕ್ರೋಮಿಯಂ ಟ್ರೈಕಾರ್ಬೊನಿಲ್ (ಮೂರು ಕಾರ್ಬನ್ ಮಾನಾಕ್ಸೈಡ್ ಕಟ್ಟಿಕೊಂಡ ಕ್ರೋಮಿಯಂ) ಸೇರಿಸಿದ ಸಂಯುಕ್ತವನ್ನು ವರದಿ ಮಾಡಿದರು. ಲೋಹ ಉಂಗುರದ ಒಂದು ಮಗ್ಗುಲಲ್ಲಿ ಕೂತು ಆರೂ ಕಾರ್ಬನ್‌ಗಳನ್ನು ಹಿಡಿದು, ಎಲೆಕ್ಟ್ರಾನನ್ನು ತನ್ನತ್ತ ಎಳೆಯುತ್ತದೆ. ಎಳೆತ ಹೆಚ್ಚುಕಡಿಮೆ ನೈಟ್ರೋ ಗುಂಪಿನಷ್ಟು! ಸಾದಾ ಕ್ಲೋರೋಬೆಂಜೀನ್ ಬಿಸಿ ಮೆಥನಾಲಿನಲ್ಲಿ, ಎಲೆಕ್ಟ್ರಾನ್ ಕೊಡಲು ಬರುವ ಸೋಡಿಯಂ ಮೆಥಾಕ್ಸೈಡಿಗೆ ಜಗ್ಗುವುದಿಲ್ಲ. ಕ್ರೋಮಿಯಂ ಕಟ್ಟಿದ್ದು ಕ್ಲೋರಿನ್ ಬಿಟ್ಟು ಮೆಥಾಕ್ಸಿ ಹಿಡಿಯುತ್ತದೆ. ಆಮೇಲೆ ಅಯೋಡಿನ್ ಹಾಕಿದರೆ ಲೋಹ ಕಳಚಿಕೊಳ್ಳುತ್ತದೆ. ಮೆಥಾಕ್ಸಿ ಪಾಠದ ಲೆಕ್ಕದಲ್ಲಿ ಇದು ಆಕ್ಟಿವೇಟ್ ಮಾಡುವುದೇ ಅಲ್ಲ. ಲೋಹದ ಕೆಲಸದವರು ಮಾತ್ರ ಹಾಗೇ ಕರೆಯುತ್ತಾರೆ.

ಐದು ಅಮೋನಿಯಾ ಕಟ್ಟಿಕೊಂಡ ಓಸ್ಮಿಯಂ ಇನ್ನೊಂದು ದಾರಿ ಹಿಡಿಯುತ್ತದೆ. ಎರಡೇ ಕಾರ್ಬನ್ ಹಿಡಿದು ಎಲೆಕ್ಟ್ರಾನನ್ನು ಉಂಗುರದೊಳಕ್ಕೆ ತಳ್ಳುತ್ತದೆ. ಉಳಿದ ನಾಲ್ಕು ಕಾರ್ಬನ್‌ಗಳು ಡೈಈನ್ (ಎರಡು ಜೋಡಿಬಂಧಗಳಿರುವ ಸಂಯುಕ್ತ) ತರಹ ವರ್ತಿಸತೊಡಗುತ್ತವೆ. ಎಳೆಯುವುದಕ್ಕೂ ತಳ್ಳುವುದಕ್ಕೂ ಒಂದೇ ಪದ!

"ಚುರುಕುಗೊಳಿಸು" ನನಗೆ ಒಪ್ಪಿಗೆಯಿಲ್ಲ. ಅದು ಬರೀ ವೇಗದ ಮಾತು, ಓದುವವರು ವೇಗವರ್ಧಕ ಅಂದುಕೊಳ್ಳುತ್ತಾರೆ. ಮೇಲಿನ ಉದಾಹರಣೆಯಲ್ಲಿ ಒಂದೊಂದು ಉಂಗುರಕ್ಕೂ ಒಂದೊಂದು ಕ್ರೋಮಿಯಂ ಬೇಕು. ಚಿಟಿಕೆ ಹಾಕಿದರೆ ಆಗುವ ಕೆಲಸವಲ್ಲ.

ನನ್ನ ಒಲವು "ಅಣಿಗೊಳಿಸು" ಕಡೆಗೆ. ಅಣಿ ಅಂದ ಕೂಡಲೇ ಯಾವುದಕ್ಕೆ ಅಂತ ಕೇಳಬೇಕಾಗುತ್ತದೆ. ನನಗೆ ಬೇಕಾದದ್ದೂ ಅದೇ: "ಕ್ರೋಮಿಯಂ ಉಂಗುರವನ್ನು ಎಲೆಕ್ಟ್ರಾನ್ ಪಡೆಯಲು ಅಣಿಗೊಳಿಸುತ್ತದೆ", "ಓಸ್ಮಿಯಂ ಎಲೆಕ್ಟ್ರಾನ್ ಕೊಡಲು ಅಣಿಗೊಳಿಸುತ್ತದೆ". ವಾಕ್ಯ ಸ್ವಲ್ಪ ಉದ್ದವಾಗುತ್ತದೆ, ಆಗಲಿ.

ತೊಡಕಿರುವುದು ನಾಮಪದದಲ್ಲಿ. "ಅಣಿಗೊಳಿಕೆ" ಅಂದರೆ ಕಿವಿಗೆ ಹೇಗೆ ಕೇಳುತ್ತದೆ? "ಅಣಿಗೊಳಿಸುವಿಕೆ" ತಲೆಬರಹಕ್ಕೆ ಭಾರ. ಮೆಥಾಕ್ಸಿಯ ಪಾಠದಲ್ಲಿ "ಸಕ್ರಿಯ"ವನ್ನೇ ಉಳಿಸಿ, ಲೋಹದ ಪಾಠಕ್ಕಷ್ಟೇ "ಅಣಿಗೊಳಿಸು" ಬಳಸಿದರೆ ಓದುವವರಿಗೆ ಗೊಂದಲವಾಗುತ್ತದೆಯೇ? ತರಗತಿಯಲ್ಲಿ ಕನ್ನಡದಲ್ಲೇ ಪಾಠ ಮಾಡುವವರು ಹೇಳಿದರೆ ಹೆಚ್ಚು ಉಪಕಾರ.