ಮಿಶಿಗನ್‌ನ ಏಪ್ರಿಲ್ ದರಗು: ಹೊಸ ಮನೆ ಕೊಂಡ ತಂಗಿಗೆ ಚಿಕ್ಕಮಗಳೂರಿನಿಂದ

ತಂಗಿ, ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನಮ್ಮ ಮೊದಲ ಏಪ್ರಿಲ್ ಕಣ್ಣ ಮುಂದೆ ಬಂತು. ಹಿಮ ಕರಗಿದ ಮೇಲೆ ಹೋದ ವರ್ಷದ ಎಲೆ, ಮುರಿದ ಕೊಂಬೆ, ಒಣಗಿ ನಿಂತ ಹೂಗಿಡ ಎಲ್ಲಾ ಒಟ್ಟಿಗೆ ಕಾಣಿಸಿಕೊಂಡಿದೆ, ಇದನ್ನ ಮನೆ ಕಸದ ಡಬ್ಬಿಗೇ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬೇಡಿ. ಡೆಟ್ರಾಯ್ಟ್ ಪಕ್ಕದ ಊರಲ್ಲಿ 11 ವರ್ಷ ಇದ್ದು ಈಗ ಚಿಕ್ಕಮಗಳೂರಿಗೆ ವಾಪಸ್ ಬಂದಿದ್ದೇವೆ. ಇವತ್ತು ಬೆಳಿಗ್ಗೆ ನಾನು ಗುಡಿಸಿದ್ದೂ ದರಗನ್ನೇ, ಅಂಗಳದಲ್ಲಿ ಉದುರಿದ ಹೊಂಗೆಯ ಒಣ ಎಲೆಯನ್ನೇ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಆ ವರ್ಷ ಎರಡು ಶನಿವಾರ ಗುಡಿಸಿದೆವು. ಒಣ ಎಲೆಯ ಜೊತೆ ಆಗತಾನೇ ಕತ್ತರಿಸಿದ ಹುಲ್ಲನ್ನೂ ಸೇರಿಸಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಒತ್ತಿ ತುಂಬಿ, ಬಾಯಿ ಬಿಗಿದು ರಸ್ತೆ ಬದಿಗಿಟ್ಟೆವು. ಲಾರಿ ಬಂತು, ಡಬ್ಬಿ ಎತ್ತಿತು, ಚೀಲಗಳನ್ನು ಬಿಟ್ಟು ಹೋಯಿತು. ಒಂದರ ಮೇಲೆ ಚೀಟಿ ಅಂಟಿಸಿದ್ದರು. ಮೂರನೇ ದಿನ ಬಿಚ್ಚಿದರೆ ಒಳಗಿಂದ ಹಬೆ, ಹುಳಿ ನಾತ, ಹುಲ್ಲೆಲ್ಲ ಲೋಳೆ. ಆಗ ಆರು ವರ್ಷದವಳಾಗಿದ್ದ ಮಗಳು ಕೈಯಿಟ್ಟು ನೋಡಿ, "ಅಮ್ಮ, ಇದಕ್ಕೆ ಜ್ವರ ಬಂದಿದೆಯಾ?" ಎಂದಳು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಾದರೂ ನೀರು, ಸಾರಜನಕವೂ ಜಾಸ್ತಿ. ಒತ್ತಿ ಕಟ್ಟಿದರೆ ಬಿಸಿಯೇರುತ್ತದೆ, ಗಾಳಿ ಸಿಗದೆ ಕೊಳೆತು ನಾರುತ್ತದೆ. ಕಸದ ಗುಡ್ಡದಡಿ ಹೂತರೂ ಹೀಗೇ ಗಾಳಿಯಿಲ್ಲದೆ ಕೊಳೆಯುವುದು, ಅಲ್ಲಿ ಅದರಿಂದ ಹೊರಡುವುದು ಮೀಥೇನ್.

ಹಿತ್ತಿಲ ಕಸವನ್ನು ಮನೆ ಕಸದ ಜೊತೆ ಒಯ್ಯದಿರುವುದು ಬರೀ ಆ ಬೀದಿಯ ಲಾರಿಯವರ ನಿಯಮವಲ್ಲ, ರಾಜ್ಯದ ಕಾನೂನು. ಹಿತ್ತಿಲ ಕಸವನ್ನು ಹೂಳುವ ಜಾಗಕ್ಕೆ ಕಳಿಸುವುದನ್ನು ಮಿಶಿಗನ್ 1990ರ ದಶಕದಲ್ಲೇ ನಿಷೇಧಿಸಿತು. ಎಲೆ, ಕತ್ತರಿಸಿದ ಹುಲ್ಲು, ಕೈತೋಟದ ಕಸ, 4 ಅಡಿಗಿಂತ ಗಿಡ್ಡ ಮತ್ತು 2 ಇಂಚಿಗಿಂತ ಸಣ್ಣ ರೆಂಬೆ ಎಲ್ಲಾ ಇದರೊಳಗೆ ಬರುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2018ರ ಲೆಕ್ಕದಲ್ಲಿ ಆ ದೇಶದ ಹಿತ್ತಿಲ ಕಸ 3.54 ಕೋಟಿ ಟನ್, ಊರ ಕಸದಲ್ಲಿ ಶೇ. 12ರಷ್ಟು. ಅದರಲ್ಲಿ 2.23 ಕೋಟಿ ಟನ್ ಗೊಬ್ಬರವಾಗಿದೆ. ಬೇರೆ ಮಾಡಿ ಇಟ್ಟವರು ಇದ್ದುದರಿಂದಲೇ ಅಷ್ಟಾದರೂ ಆಯಿತು.

ಮಾಡಬೇಕಾದ್ದು ಕಷ್ಟವಿಲ್ಲ. ಮೊದಲು ನಿಮ್ಮ ಊರಿನ ಸಿಟಿ ಆಫೀಸಿಗೆ ಫೋನ್ ಮಾಡಿ, ಯಾರ್ಡ್ ವೇಸ್ಟ್ ಅಂದರೆ ಹಿತ್ತಿಲ ಕಸದ ಗಾಡಿ ಯಾವ ತಿಂಗಳಿಂದ, ಯಾವ ವಾರ ಬರುತ್ತದೆ, ಯಾವುದರಲ್ಲಿ ತುಂಬಿಡಬೇಕು ಅಂತ ಕೇಳಿಕೊಳ್ಳಿ. ಊರೂರಿಗೆ ಬೇರೆ. ನಮ್ಮಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬರುತ್ತಿತ್ತು. 30 ಗ್ಯಾಲನ್‌ನ ಕಂದು ಕಾಗದದ ಚೀಲ ಹೋಮ್ ಡಿಪೋದಂಥ ಅಂಗಡಿಗಳಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಬಾಯನ್ನು ಎರಡು ಸುತ್ತು ಹೊರಕ್ಕೆ ಮಡಚಿದರೆ ಚೀಲ ತಾನೇ ನಿಲ್ಲುತ್ತದೆ. ಕಲ್ಲು, ಮಣ್ಣು, ಹೂಕುಂಡ, ನಾಯಿ ಕಕ್ಕ ಸೇರಿಸಬೇಡಿ. ರೆಂಬೆಗಳನ್ನು ಸೆಣಬಿನ ಅಥವಾ ಹತ್ತಿ ಹುರಿಯಲ್ಲಿ ಹೊರೆ ಕಟ್ಟಿ. ತಂತಿ, ನೈಲಾನ್ ಬೇಡ, ಅವು ಪುಡಿ ಮಾಡುವ ಯಂತ್ರಕ್ಕೆ ಸುತ್ತಿಕೊಳ್ಳುತ್ತವೆ. ಹೊರೆ ಕಟ್ಟುವುದನ್ನು ನನಗೆ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಮಂಡಿಯೂರಿ ಕೊಂಬೆಗಳನ್ನು ಅದುಮಿ ಬಿಗಿಯುತ್ತಿದ್ದ ರೀತಿ ನೋಡಿದರೆ ನಮ್ಮೂರಲ್ಲಿ ಸೌದೆ ಹೊರೆ ಕಟ್ಟುವವರದೇ ಕೈ.

ಹುಲ್ಲನ್ನಂತೂ ಚೀಲಕ್ಕೆ ತುಂಬಲೇಬೇಡಿ. ಕತ್ತರಿಸಿದ್ದನ್ನು ಅಲ್ಲೇ ಉದುರಲು ಬಿಟ್ಟರೆ ಲಾನ್‌ಗೆ ವರ್ಷಕ್ಕೆ ಬೇಕಾದ ಸಾರಜನಕದ ಕಾಲು ಭಾಗದವರೆಗೂ ಅದರಿಂದಲೇ ಸಿಗುತ್ತದೆ. ಕಳೆನಾಶಕ ಹೊಡೆದ ಹುಲ್ಲಾದರೆ ಮಾತ್ರ ಮಕ್ಕಳ ತರಕಾರಿ ಪಾತಿಗೆ ಹಾಕಬೇಡಿ, ಟೊಮೇಟೊ ಗಿಡ ಮುರುಟಿಹೋಗುತ್ತದೆ. ಇನ್ನೊಂದು, ಮಾರ್ಚ್‌ನಲ್ಲೇ ಅವಸರ ಮಾಡಬೇಡಿ. ಒಣಗಿದ ಪೊಳ್ಳು ಕಾಂಡಗಳಲ್ಲಿ ಜೇನಿನ ಜಾತಿಯ ಸಣ್ಣ ಹುಳುಗಳು ಚಳಿಗಾಲ ಕಳೆಯುತ್ತಿರುತ್ತವೆ. ಹಗಲು 10 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಹಾಗೇ ನಿಂತ ಮೇಲೆ ಕತ್ತರಿಸಿ.

ಬೇಲಿ ಪಕ್ಕ ಮೂರೆಲೆಯ ಬಳ್ಳಿ ಕಂಡರೆ ಮಕ್ಕಳನ್ನು ದೂರವಿಡಿ. ಅದು ಪಾಯ್ಸನ್ ಐವಿ ಇರಬಹುದು, ನಮ್ಮ ಮಾವು, ಗೇರುಗಳ ಕುಟುಂಬದ್ದೇ. ನಮ್ಮ ಕಾಡುಗೇರಿನ ಸೊನೆ ತಾಗಿದರೆ ಹೇಗೆ ಬೊಬ್ಬೆ ಏಳುತ್ತದೋ ಹಾಗೇ. ಸುಟ್ಟರೆ ಇನ್ನೂ ಕೆಟ್ಟದ್ದು, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ.

ಬಿದ್ದ ಆ್ಯಶ್ ಮರದ ಸೌದೆಯನ್ನು ಕ್ಯಾಂಪಿಂಗ್‌ಗೆ ಅಂತ ಕಾರಿನಲ್ಲಿ ಬೇರೆ ಊರಿಗೆ ಒಯ್ಯಬೇಡಿ. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆ ಅಮೆರಿಕದಲ್ಲಿ ಮೊದಲು ಪತ್ತೆಯಾಗಿದ್ದು 2002ರಲ್ಲಿ, ನಿಮ್ಮ ಡೆಟ್ರಾಯ್ಟ್ ಸುತ್ತಲೇ. ಅದು ಕೋಟಿಗಟ್ಟಲೆ ಮರ ಕೊಂದಿದೆ, ದೂರದೂರಕ್ಕೆ ಹಬ್ಬಿದ್ದು ಜನ ಸಾಗಿಸಿದ ಸೌದೆಯ ಜೊತೆ. ನಮ್ಮ ಮಾವನವರು ಅಲ್ಲಿಗೆ ಬಂದಾಗ ಇದನ್ನು ಹೇಳಿದೆ, ವಿವರಿಸಬೇಕಾಗಲೇ ಇಲ್ಲ. ಅವರ ತೋಟ ಬಾಳೆಹೊನ್ನೂರು ಕಡೆ. 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿರುವ ಊರು ಅದು. ಅರೇಬಿಕಾ ಕಾಫಿ ಗಿಡಕ್ಕೆ ಕಾಂಡ ಕೊರೆಯುವ ಬೋರರ್ ಬಿದ್ದರೆ ಹುಳು ಜೀರುಂಡೆಯಾಗಿ ಹಾರುವ ಮೊದಲೇ ಗಿಡ ಕಿತ್ತು ಸುಡಬೇಕು ಅನ್ನುವುದನ್ನು ಅಲ್ಲಿನ ಪ್ರತಿ ಬೆಳೆಗಾರರೂ ಬಲ್ಲರು. "ಬೋರರ್ ಗಿಡನ ಪಕ್ಕದ ತೋಟಕ್ಕೆ ಯಾರಾದ್ರೂ ಹೊತ್ಕೊಂಡ್ ಹೋಗ್ತಾರೇನಮ್ಮ?" ಎಂದರು, ಅಷ್ಟೇ.

ಅತ್ತೆಗೆ ಒಪ್ಪಿಗೆಯಾಗದ್ದು ಕಾಗದದ ಚೀಲ. "ದರಗನ್ನ ದುಡ್ಡು ಕೊಟ್ಟು ಚೀಲ ತಂದು ಹೊರಗೆ ಹಾಕೋದಾ? ಮೇ ತಿಂಗಳಲ್ಲಿ ಮತ್ತೆ ದುಡ್ಡು ಕೊಟ್ಟು ಗೊಬ್ಬರ ತರೋದಾ?" ಎಂದು ನಿಜವಾಗಿ ನೊಂದುಕೊಂಡರು. ಅವರೇ ಹಿತ್ತಿಲ ಮೂಲೆಯಲ್ಲಿ ಕೋಳಿ ಬಲೆಯನ್ನು ಸುತ್ತಿ ನಿಲ್ಲಿಸಿ ತಿಪ್ಪೆ ಶುರು ಮಾಡಿದ್ದು. ಒಣ ಎಲೆ ಒಂದು ಪದರ, ಅಡುಗೆಮನೆಯ ಸಿಪ್ಪೆ ಒಂದು ಪದರ, ಮೇಲೆ ಮತ್ತೆ ಎಲೆ. ಆಮೇಲೆ ನಮ್ಮ ಮನೆ ಚೀಲಗಳು ಅರ್ಧಕ್ಕಿಳಿದವು.

ಮಕ್ಕಳಲ್ಲಿ ಕನ್ನಡ ಉಳಿಸುವುದು ಹೇಗೆ ಅಂತಲೂ ನೀವು ಕೇಳಿದ್ದಿರಿ. ನನ್ನ ಉತ್ತರ ಈ ತಿಪ್ಪೆಯ ಹತ್ತಿರವೇ ಇದೆ. ಭಾನುವಾರದ ಕನ್ನಡ ತರಗತಿಯಲ್ಲಿ ಮಗಳು ಅಕ್ಷರ ಕಲಿತಳು, ಪದ್ಯ ಕಲಿತಳು. ಆದರೆ ದರಗು, ಸೊಪ್ಪು, ಹೊರೆ, ಹುರಿ, ಸೊನೆ, ತಿಪ್ಪೆ, ಗೊಣ್ಣೆಹುಳು ಇವೆಲ್ಲ ಅಜ್ಜಿ ಜೊತೆ ಕೈ ಕೊಳೆ ಮಾಡಿಕೊಂಡು ಬಂದ ಮಾತುಗಳು, ಒಂದೂ ಮರೆತಿಲ್ಲ. ಅಂಥ ಮಾತಿಗೆ ಕೆಲಸ ಬೇಕು. ಫ್ಲ್ಯಾಟ್‌ನಲ್ಲಿ ಕೂತು "ಕನ್ನಡ ಮಾತಾಡು" ಎಂದರೆ ಮಗು ಏನು ಮಾತಾಡೀತು? ಕೈಗೆ ಒಂದು ಪುಟ್ಟ ರೇಕ್ ಕೊಡಿ, ಜೊತೆಗೆ ನೀವೂ ಗುಡಿಸಿ. ಅಜ್ಜಿ ಹತ್ತಿರವಿಲ್ಲದಿದ್ದರೆ ವಿಡಿಯೋ ಕಾಲ್‌ನಲ್ಲಿ ಹಿತ್ತಿಲು ತೋರಿಸಿ, ಅವರೇ ಹೇಳಿಕೊಡುತ್ತಾರೆ.

ಚಿಕ್ಕಮಗಳೂರಿಗೆ ಬಂದ ಮೊದಲ ಮಾರ್ಚ್‌ನಲ್ಲಿ ನಮ್ಮ ಬೀದಿಯಲ್ಲಿ ಎಲೆ ಗುಡ್ಡೆ ಮಾಡಿ ಬೆಂಕಿ ಇಡುವುದನ್ನು ಮಗಳು ನೋಡಿದಳು. ಗಿರಿಯ ಕಡೆ ಹುಲ್ಲು ಒಣಗಿ, ಎಲ್ಲಿ ಕಿಡಿ ಬಿದ್ದರೂ ಕಾಳ್ಗಿಚ್ಚಾಗುವ ಕಾಲ ಅದು. ತೋಟದಲ್ಲಿ ಹುಳು ಬಿದ್ದ ಗಿಡ ಸುಡುವುದೇ ಬೇರೆ, ಬೀದಿಯಲ್ಲಿ ಒಳ್ಳೆಯ ದರಗು ಸುಡುವುದೇ ಬೇರೆ. ಕೈತೋಟದ ಕಸವನ್ನು ಮನೆಯ ಆವರಣದಲ್ಲೇ ಬೇರೆಯಾಗಿ ಇಟ್ಟುಕೊಳ್ಳಬೇಕು, ಸುಡುವಂತಿಲ್ಲ ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರೀ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ಆದೇಶಿಸಿತು. ನಾನು ಯಾರಿಗೂ ಕಾನೂನು ಹೇಳಲು ಹೋಗಲಿಲ್ಲ. ಮಗಳೇ ಹೋಗಿ, "ಆಂಟಿ, ದರಗು ನಮಗೆ ಕೊಡ್ತೀರಾ? ನಮ್ಮ ಗುಂಡಿ ಖಾಲಿ ಇದೆ" ಎಂದು ಕೇಳಿದಳು. ಈಗ ಮೂರು ಮನೆಯವರು ಗೋಣಿಚೀಲದಲ್ಲಿ ತಂದು ಹಲಸಿನ ಮರದಡಿಯ ಗುಂಡಿಗೆ ಸುರಿದು ಹೋಗುತ್ತಾರೆ. ಹೋದ ವರ್ಷದ್ದು ಕಪ್ಪಗೆ ಪುಡಿಯಾಗಿದೆ. ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗಳ ಬುಡಕ್ಕೆ ಹಾಕಬೇಕು.

ಒಂದು ಮರೆತೆ. ಕಾಗದದ ಚೀಲ ಮಳೆಗೆ ನೆನೆದರೆ ತಳ ಹರಿಯುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ಮಳೆ ಜಾಸ್ತಿ. ತುಂಬಿದ ಚೀಲಗಳನ್ನು ಗ್ಯಾರೇಜ್‌ನಲ್ಲೇ ಇಟ್ಟು, ಗಾಡಿ ಬರುವ ದಿನ ಬೆಳಿಗ್ಗೆ ಬೇಗ ಹೊರಗಿಡಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದರೆ ಸಾಕು, ಆಗ ಮಗನೂ ಒಂದು ಕಡೆ ಹಿಡಿದುಕೊಳ್ಳಬಹುದು.